ದೊಡ್ಡ ರೈಫಲು, ಸಣ್ಣ ತೋಟಾ

ಕುಟುಂಬದ ಪತ್ರಿಕೆಯಲ್ಲಿ ಬಂದೂಕಿನ ಮಾತೇಕೆ ಎಂದು ವಾಚಕರು ಕೇಳಬಹುದು. ಕೊಡಗಿನವರು ಮಾತ್ರ ಕೇಳಲಾರರು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್‌ಪೂ ಮುಡಿಸಿ ಪೂಜಿಸಿ, ಅನಂತರ ತೆಂಗಿನಕಾಯಿಗೆ ಗುರಿಯಿಡುವ ಮನೆತನಗಳು ಅಲ್ಲಿವೆ. ಉಳಿದ ನಮ್ಮಂಥವರಿಗೆ ಬಂದೂಕಿನ ಪರಿಚಯವಾಗುವುದು ಎನ್.ಸಿ.ಸಿ.ಯಿಂದ, ಇಲ್ಲವೆ ಹೊರದೇಶ ಸೇರಿದ ಮಕ್ಕಳಿಂದ. ನನಗೆ ಎರಡೂ ಆಯಿತು.

ಕಾಲೇಜಿನಲ್ಲಿ ಪಾಠ ಹೇಳುತ್ತ ಬಹುಕಾಲ ಎನ್.ಸಿ.ಸಿ.ಯ ಹೊಣೆಯನ್ನೂ ಹೊತ್ತವನು ನಾನು. ಈಗ ವಿಶಾಖಪಟ್ಟಣದ ಋಷಿಕೊಂಡದಲ್ಲಿ ಮಗನ ಮನೆಯಲ್ಲಿದ್ದೇನೆ. ಟೆಕ್ಸಾಸಿನಲ್ಲಿರುವ ಅಕ್ಕನ ಮಗ ಈಚೆಗೆ ಹೀಗೆ ಬರೆದ: “ಮಾವ, ನನ್ನ ಬಳಿ ಎ.ಆರ್.-15 ರೈಫಲ್ ಇದೆ. ಮಗಳಿಗೆ ಹದಿಮೂರು ತುಂಬಿತು, ಗುರಿ ಹೊಡೆಯುವುದನ್ನು ಕಲಿಯುತ್ತೇನೆ ಅನ್ನುತ್ತಾಳೆ. ಇದೇ ರೈಫಲಿಗೆ .22 ತೋಟಾ ಹಾರಿಸುವ ಜೋಡಣೆ ಕೊಳ್ಳಲೋ, .22ಕ್ಕೆಂದೇ ಕಟ್ಟಿದ ಬೇರೆಯದನ್ನು ಕೊಳ್ಳಲೋ? ನೀವು ಹೇಳಿದಂತೆ ಮಾಡುತ್ತೇನೆ.”

ಮೊದಲು ಈ ತೋಟಾದ ವಿಚಾರ. ದೊಡ್ಡ ರೈಫಲಿನ ತೋಟಾಕ್ಕೆ ಬುಡದ ನಡುವೆ ಸಿಡಿಯುವ ಪುಟ್ಟ ಬಿಲ್ಲೆಯಿರುತ್ತದೆ. .22ಕ್ಕೆ ಅದಿಲ್ಲ, ಸಿಡಿಮದ್ದು ಬುಡದ ಅಂಚಿನ ಮಡಿಕೆಯೊಳಗೇ ಇದೆ, ಮೊಳೆ ಬಂದು ಆ ಅಂಚನ್ನೇ ಬಡಿಯಬೇಕು. ಆದ್ದರಿಂದಲೇ ಅದು ರಿಮ್‌ಫೈರ್. 1887ರಲ್ಲಿ ಹುಟ್ಟಿದ .22 ಲಾಂಗ್ ರೈಫಲ್ ತೋಟಾದ ಗುಂಡು ಸಾಮಾನ್ಯವಾಗಿ 2.6 ಗ್ರಾಂ ತೂಗುತ್ತದೆ, ಹಳೆಯ.303ರ ಗುಂಡು 11 ಗ್ರಾಂ ದಾಟುತ್ತದೆ. ಸಣ್ಣದಕ್ಕೆ ಹೆಗಲಿಗೆ ಒದೆತವಿಲ್ಲ, ಸದ್ದು ಕಡಿಮೆ, ಬೆಲೆಯೂ ಅಗ್ಗ. ಹಾಗೆಂದು ಅದು ಆಟಿಕೆಯಲ್ಲ. ಆ ಗುಂಡು ಒಂದು ಮೈಲಿಗೂ ಆಚೆ ಹೋಗಬಲ್ಲದು.

ದೊಡ್ಡ ರೈಫಲಿನಲ್ಲಿ ಸಣ್ಣ ತೋಟಾ ಹಾರಿಸುವ ಉಪಾಯ ಹೊಸದೇನಲ್ಲ. ಬ್ರಿಟಿಷರು ಲೀ-ಎನ್‌ಫೀಲ್ಡ್ ರೈಫಲಿನ .303 ನಳಿಗೆಯನ್ನು ಕೊರೆದು, ಒಳಗೆ .22ರ ಕೊಳವೆ ಕೂಡಿಸಿ ಸಿಪಾಯಿಗಳಿಗೆ ಅಭ್ಯಾಸ ಮಾಡಿಸಿದರು. ಅಮೆರಿಕದ ಸೇನೆ ಎಂ-16ಕ್ಕಾಗಿ ಎಂ-261 ಎಂಬ ಜೋಡಣೆ ತಂದಿತು. ಎರಡರ ಉದ್ದೇಶವೂ ಒಂದೇ. ನಾಳೆ ಯಾವ ರೈಫಲನ್ನು ಹಿಡಿಯಬೇಕೋ ಅದರ ತೂಕ, ಹಿಡಿ, ಟ್ರಿಗರ್ ಇಂದೇ ಕೈಗೆ ಪಳಗಲಿ, ದೊಡ್ಡ ತೋಟಾ ಮಾತ್ರ ವ್ಯರ್ಥವಾಗದಿರಲಿ.

ನಮ್ಮ ಎನ್.ಸಿ.ಸಿ. ಕೊಠಡಿಯಲ್ಲಿ ಎರಡು ಬಗೆಯವೂ ಇದ್ದವು: .303ರ ಮೈಯಲ್ಲಿ .22 ಮಾಡಿದ ಭಾರದ್ದು, .22ಕ್ಕೆಂದೇ ಮಾಡಿದ ಹಗುರದ್ದು. 25 ಗಜದ ಗುರಿಗೆ ಮಕ್ಕಳನ್ನು ಮಲಗಿಸಿದಾಗ ಭೇದ ತಿಳಿಯುತ್ತಿತ್ತು. ಗಟ್ಟಿಮುಟ್ಟಾದ ಹುಡುಗರಿಗೆ ಭಾರದ್ದು ಒಗ್ಗುತ್ತಿತ್ತು, ಮುಂದೆ.303 ಹಿಡಿದಾಗ ಅವರಿಗೆ ಹೊಸತೇನೂ ಅನ್ನಿಸುತ್ತಿರಲಿಲ್ಲ. ಸಣ್ಣ ಮೈಕಟ್ಟಿನವರ ಎಡಗೈ ಮೂರನೆಯ ಗುಂಡಿಗೇ ನಡುಗತೊಡಗುತ್ತಿತ್ತು. ಅವರಿಗೇ ಹಗುರದ್ದನ್ನು ಕೊಟ್ಟರೆ ಚೆದರಿದ ತೂತುಗಳೆಲ್ಲ ಹತ್ತಿರ ಹತ್ತಿರ ಕೂಡುತ್ತಿದ್ದವು.

ಈಗ ಎ.ಆರ್.-15ರ ಮಾತು. ಅದು ಬಿಡಿ ಭಾಗಗಳಿಂದ ಕೂಡಿದ ರೈಫಲು. ಆದ್ದರಿಂದ ದಾರಿಗಳು ಮೂರು. ಮೊದಲನೆಯದು, ಒಳಗಿನ ಬೋಲ್ಟನ್ನು ತೆಗೆದು .22ರ ಬೋಲ್ಟನ್ನೂ ಮ್ಯಾಗಝೀನನ್ನೂ ಇಡುವುದು. ಎರಡು ನಿಮಿಷದ ಕೆಲಸ, ಖರ್ಚೂ ಕಡಿಮೆ. ಆದರೆ ನಳಿಗೆ ಹಳೆಯದೇ. ಅದರೊಳಗಿನ ಸುರುಳಿಗೆರೆ ಸಾಮಾನ್ಯವಾಗಿ 7 ಅಥವಾ 9 ಅಂಗುಲಕ್ಕೆ ಒಂದು ಸುತ್ತು; .22ಕ್ಕೆ ಬೇಕಾದದ್ದು 16 ಅಂಗುಲಕ್ಕೆ ಒಂದು. ಗುಂಡು ಆ ಗೆರೆ ಮುಟ್ಟುವ ಮುನ್ನ ಸ್ವಲ್ಪ ದೂರ ಹಾರಬೇಕು. ಗುರಿ ಸಡಿಲವಾಗುತ್ತದೆ, ಗುಂಡು ಬೀಳುವ ತಾಣವೂ ಬದಲಾಗುತ್ತದೆ, ಸೀಸದ ಮಸಿ ಅನಿಲದ ಕೊಳವೆಯಲ್ಲಿ ಕೂರುತ್ತದೆ. ಎರಡನೆಯದು, .22ರ ನಳಿಗೆಯೇ ಉಳ್ಳ ಮೇಲ್ಭಾಗವನ್ನು ಹಳೆಯ ಕೆಳಭಾಗಕ್ಕೆ ಕೂಡಿಸುವುದು. ಗುರಿ ಚೊಕ್ಕ, ಟ್ರಿಗರ್ ಹಳೆಯದೇ. ಮೂರನೆಯದು, ಇಡೀ ರೈಫಲನ್ನೇ .22ಕ್ಕೆ ಕಟ್ಟಿಸುವುದು.

ಸಿಪಾಯಿಗೆ ಮೊದಲನೆಯದು ಸರಿ; ತನ್ನದೇ ರೈಫಲಿನಲ್ಲಿ ಅಗ್ಗವಾಗಿ ಕೈ ಪಳಗಿಸಬೇಕೆನ್ನುವ ದೊಡ್ಡವರಿಗೆ ಮೊದಲೆರಡರಲ್ಲಿ ಯಾವುದಾದರೂ ಆದೀತು. ಮಗುವಿಗೆ ಮೂರನೆಯದೇ ಎಂದು ಬರೆದೆ. ಕಾರಣ ಗುರಿಯ ನಿಖರತೆಯೊಂದೇ ಅಲ್ಲ. ಇಂದು ಸಣ್ಣ ತೋಟಾ, ನಾಳೆ ದೊಡ್ಡ ತೋಟಾ ಹಾರಿಸುವ ವಸ್ತು ಮಗುವಿನ ಮನಸ್ಸಿನಲ್ಲಿ ಗೊಂದಲ ಹುಟ್ಟಿಸುತ್ತದೆ. ನೋಡಲು ಅದೇ, ಹಿಡಿಯಲು ಅದೇ, ಒಳಗಿರುವುದು ಮಾತ್ರ ಬೇರೆ. .22ಕ್ಕೆಂದೇ ಮಾಡಿದ ನಳಿಗೆಯಲ್ಲಿ ದೊಡ್ಡ ತೋಟಾ ಹೋಗುವುದೇ ಇಲ್ಲ. ತಂದೆ ಎಷ್ಟೇ ಎಚ್ಚರದವನಾಗಲಿ, ವಸ್ತುವಿನಲ್ಲೇ ಇರುವ ಎಚ್ಚರ ಇನ್ನೂ ಮೇಲು. ಹಿಡಿಯ ಉದ್ದವನ್ನೂ ಅವಳ ತೋಳಿಗೆ ತಕ್ಕಂತೆ ಹೊಂದಿಸಬಹುದು. ಮುಂದೆ ಸ್ಪರ್ಧೆಯ ಆಸೆ ಹುಟ್ಟಿದರೂ ದಾರಿ .22ರದೇ: 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ 50 ಮೀಟರ್ ರೈಫಲ್ ಸ್ಪರ್ಧೆ ಈ ತೋಟಾದ್ದು. ಅಲ್ಲಿ ಹತ್ತರ ವೃತ್ತದ ಅಗಲ 10.4 ಮಿಲಿಮೀಟರ್ ಮಾತ್ರ. ಅದಕ್ಕೆ ಆ ಕೆಲಸಕ್ಕೆಂದೇ ಮಾಡಿದ ನಳಿಗೆ ಬೇಕು.

ಈ ಆಯ್ಕೆ ಅಮೆರಿಕದಲ್ಲಿ ಅಂಗಡಿಯ ಮಾತು. ನಮ್ಮಲ್ಲಿ ಕಾನೂನಿನ ಮಾತು. 1959ರ ಆಯುಧ ಕಾಯಿದೆಯ ಪ್ರಕಾರ ಬಂದೂಕಿನ ಬಿಡಿ ಭಾಗವೂ ಬಂದೂಕೇ. 2019ರ ತಿದ್ದುಪಡಿಯಿಂದ ಒಬ್ಬರು ಇಟ್ಟುಕೊಳ್ಳಬಹುದಾದವು ಮೂರರಿಂದ ಎರಡಕ್ಕೆ ಇಳಿದವು. ಸ್ಪರ್ಧಾಳುಗಳಿಗೆ ಬೇರೆ ವಿನಾಯಿತಿಗಳಿವೆ. ಒಂದು ವರ್ಗದ ಬಂದೂಕನ್ನು ಇನ್ನೊಂದು ವರ್ಗಕ್ಕೆ ಮಾರ್ಪಡಿಸಲು ಪರವಾನಗಿ ಬೇಕೇ ಬೇಕು. ಅಲ್ಲಿ ಬೆಳೆದ ಮಕ್ಕಳು ರಜೆಗೆ ಬರುವಾಗ ಪೆಟ್ಟಿಗೆಯ ಮೂಲೆಯಲ್ಲಿ ಒಂದು ತೋಟಾ ಕೂಡ ಉಳಿಯದಂತೆ ನೋಡಬೇಕು. ವಿಮಾನ ನಿಲ್ದಾಣದಲ್ಲಿ ಅದು ಆಟದ ಸಾಮಾನೆನಿಸದು.

ಹುಡುಗಿ ತಾನೇ ಕಾಗದ ಬರೆದಿದ್ದಾಳೆ, ಕನ್ನಡದಲ್ಲಿ, ತಪ್ಪುಗಳೊಡನೆ: “ಅಜ್ಜ, ಅಪ್ಪ ನನಗೇ ಬೇರೆ ರೈಫಲ್ ತಂದರು. ಬೀಗದ ಕೈ ಅವರ ಹತ್ತಿರ. ಅಪ್ಪನ ರೈಫಲ್ ನನಗೆ ಯಾವಾಗ?” ಉತ್ತರ ಬರೆಯುತ್ತಿದ್ದೇನೆ: “ಮಗಳೇ, ಹತ್ತು ಗುಂಡು ಒಂದು ರೂಪಾಯಿ ನಾಣ್ಯದ ಕೆಳಗೆ ಅಡಗುವಂತೆ ಹೊಡೆದು ಹಲಗೆಯ ಕಾಗದವನ್ನು ನನಗೆ ಕಳುಹಿಸು. ಪ್ರತಿಸಲವೂ ಹೊಡೆದ ಮೇಲೆ ನಳಿಗೆ ಖಾಲಿಯಿದೆಯೇ ಎಂದು ನೀನೇ ನೋಡು, ಅಪ್ಪನಿಗೂ ತೋರಿಸು. ಆಮೇಲೆ ಮಾತಾಡೋಣ.”