ಮೂರು ಪೆಟ್ಟಿಗೆ, ನಾಲ್ಕು ನಿಮಿಷ

12 ಜೂನ್ 2017, ಸೋಮವಾರ

ಬೆಳಗ್ಗೆ 6.10ಕ್ಕೆ ಫೋನು. ಹಾಲು ಒಕ್ಕೂಟದ ಡೇಟಾಬೇಸ್ ನಿಂತುಹೋಗಿದೆ. ಹಳ್ಳಿಗಳ ಡೇರಿಗಳಲ್ಲಿ ಜನ ಕ್ಯಾನು ಹಿಡಿದು ಸಾಲು ನಿಂತಿರುವ ಹೊತ್ತು.

ನಿನ್ನೆಯವರೆಗೆ ಆ ಡೇಟಾಬೇಸ್ ನಡೆಸುವ ನಮ್ಮ ಕ್ಲಸ್ಟರಿನ ಮೂರು ವರ್ಚುವಲ್ ಯಂತ್ರಗಳೂ (ವಿಎಂ) ಒಂದೇ ಸರ್ವರ್ (ಹೋಸ್ಟ್) ಮೇಲಿದ್ದವು. ಆ ಸರ್ವರ್ ಕೆಟ್ಟರೆ ಮೂರೂ ಒಟ್ಟಿಗೆ ಹೋಗುತ್ತವೆ, ಹಾಗಿದ್ದರೆ ಕ್ಲಸ್ಟರ್ ಯಾಕೆ ಬೇಕು? ಅದಕ್ಕೇ ನಿನ್ನೆ ರಾತ್ರಿ ಅವನ್ನು ಆಫ್ ಮಾಡಿ, ಒಂದೊಂದನ್ನು ಒಂದೊಂದು ಹೋಸ್ಟ್‌ಗೆ ಸಾಗಿಸಿ, 11.32ಕ್ಕೆ ಶುರು ಮಾಡಿದೆ. ಮೂರೂ ಆನ್‌ಲೈನ್ ಎಂದು ತೋರಿಸಿತು. ಎರಡು ನಿಮಿಷ ನೋಡಿ ಮನೆಗೆ ಹೋದೆ.

ಲಾಗ್ ಹೇಳುವ ಪ್ರಕಾರ 11.36ಕ್ಕೇ ಎಲ್ಲ ಮುಗಿದಿತ್ತು. ಮೂರು ವಿಎಂಗಳಲ್ಲಿ ಒಂದೊಂದೂ ಉಳಿದೆರಡು ಸತ್ತಿವೆ ಎಂದು ಬರೆದುಕೊಂಡಿದೆ. ಮೂರರಲ್ಲಿ ಎರಡು ಸೇರಿದರೆ ಮಾತ್ರ ಕೋರಮ್. ಒಬ್ಬೊಬ್ಬರಾಗಿ ಉಳಿದ ಮೇಲೆ ಮೂರೂ ತಮ್ಮ ಸೇವೆ ನಿಲ್ಲಿಸಿವೆ. ಅದು ಸರಿಯಾದ ನಡವಳಿಕೆಯೇ. ಕೋರಮ್ ಇಲ್ಲದೆ ಮೂರೂ ಬರೆಯತೊಡಗಿದ್ದರೆ ಲೆಕ್ಕವೇ ಕಲಸಿಹೋಗುತ್ತಿತ್ತು.

ಮೂರನ್ನೂ ಮತ್ತೆ ಒಂದೇ ಹೋಸ್ಟ್‌ಗೆ ತಂದ ಮೇಲೆ, 7.20ಕ್ಕೆ ಸರಿಹೋಯಿತು. ಸಂಜೆ ಅವ್ವ ಫೋನ್ ಮಾಡಿದಳು. "ಡೇರೀಲಿ ಇವತ್ತು ಚೀಟಿ ಕೊಡ್ಲಿಲ್ಲ ಕಣವ್ವ. ಲೀಟರ್ ಮಾತ್ರ ಬುಕ್ಕಲ್ಲಿ ಬರ್ಕೊಂಡ್ರು." ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಬರೆದ ಆ ಚೀಟಿಯ ಮೇಲೇ ಅವಳ ಹಾಲಿನ ದರ ನಿಂತಿದೆ.

13 ಜೂನ್, ಮಂಗಳವಾರ

ಇಂದು ನಿಜವಾದ ಕ್ಲಸ್ಟರ್ ಮುಟ್ಟಲಿಲ್ಲ. ಮೂರು ಹೋಸ್ಟ್‌ಗಳ ಮೇಲೆ ಮೂರು ಸಣ್ಣ ವಿಎಂ ಎಬ್ಬಿಸಿ, ಕ್ಲಸ್ಟರನ್ನು ಕೂಡಿಸಿಡುವ ಕೋರೋಸಿಂಕ್ ತಂತ್ರಾಂಶವನ್ನು ಅದೇ ಸೆಟ್ಟಿಂಗ್‌ನಲ್ಲಿ ಓಡಿಸಿದೆ. ಶುರುವಾಯಿತು, ಕೂಡಿಕೊಂಡಿತು, ಒಡೆಯಿತು. ಮತ್ತೆ ಶುರು ಮಾಡಿದೆ, ಮತ್ತೆ ಒಡೆಯಿತು. ಐದು ಸಲ ಗಡಿಯಾರ ಹಿಡಿದು ನೋಡಿದೆ. ಐದು ಸಲವೂ ಹೆಚ್ಚುಕಡಿಮೆ ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡ್.

ಅಷ್ಟೂ ಹೊತ್ತು ಪಿಂಗ್ ಒಂದೂ ತಪ್ಪಲಿಲ್ಲ. ಒಂದೇ ಹೋಸ್ಟ್ ಮೇಲಿಟ್ಟರೆ ಗಂಟೆಗಟ್ಟಲೆ ಕೂಡಿಯೇ ಇರುತ್ತವೆ. ಲೋಡ್ ಹೆಚ್ಚಾಗಿ ಒಡೆಯುವುದಾದರೆ ಹೊತ್ತು ಗೊತ್ತು ಇರುವುದಿಲ್ಲ. ಇದು ಯಾರೋ ಸಮಯ ಕಟ್ಟಿಟ್ಟ ಹಾಗಿದೆ.

14 ಜೂನ್, ಬುಧವಾರ

ನೆಟ್‌ವರ್ಕ್ ನೋಡಿಕೊಳ್ಳುವ ಹಿರಿಯರ ಮುಂದೆ ಆ ಐದು ಅಂಕಿ ಇಟ್ಟೆ. ಕ್ಷಣ ನೋಡಿ, "ನೋಡಮ್ಮ, ಇದು 260 ಸೆಕೆಂಡು. ನಿನ್ನ ಕ್ಲಸ್ಟರ್ ಮಾತಾಡೋದು ಮಲ್ಟಿಕಾಸ್ಟ್‌ನಲ್ಲಾ?" ಎಂದರು.

ಹೌದು. ಪಿಂಗ್ ಒಬ್ಬರಿಗೆ ಬರೆದ ಕಾಗದ (ಯೂನಿಕಾಸ್ಟ್), ಮಲ್ಟಿಕಾಸ್ಟ್ ಡಂಗುರ. ಆ ಡಂಗುರ ಎಲ್ಲ ಬಾಗಿಲಿಗೂ ಕೇಳಿಸದಿರಲೆಂದು ಸ್ವಿಚ್ 'ಐಜಿಎಂಪಿ ಸ್ನೂಪಿಂಗ್' ಮಾಡುತ್ತದೆ. ಯಾವ ಪೋರ್ಟಿನಿಂದ 'ನನಗೂ ಬೇಕು' ಎಂದು ಕೇಳಿಬಂದಿದೆಯೋ ಅದನ್ನು ಪಟ್ಟಿ ಮಾಡಿಕೊಂಡು ಅಲ್ಲಿಗೆ ಮಾತ್ರ ಕಳಿಸುತ್ತದೆ. 'ಇನ್ನೂ ಬೇಕಾ?' ಎಂದು 125 ಸೆಕೆಂಡಿಗೊಮ್ಮೆ ವಿಚಾರಿಸಲು ವಿಎಂಗಳಿರುವ ಜಾಲದಲ್ಲಿ (ವಿಎಲ್ಯಾನ್) ಒಬ್ಬ ಕ್ವೆರಿಯರ್ ಇರಬೇಕು. ನಮ್ಮಲ್ಲಿ ಇರಲಿಲ್ಲ. ಕೇಳುವವರಿಲ್ಲದ ಮೇಲೆ ವಿಎಂಗಳು ಮತ್ತೆ ಹೇಳಲಿಲ್ಲ. ಎರಡು ಸುತ್ತಿನ ಕಾಲ, ಮೇಲೆ ಹತ್ತು ಸೆಕೆಂಡ್, ಒಟ್ಟು 260 ಸೆಕೆಂಡ್ ಕಾದು ಸ್ವಿಚ್ ಪಟ್ಟಿಯಿಂದ ಹೆಸರು ಹೊಡೆದುಹಾಕಿತು. ಒಂದೇ ಹೋಸ್ಟ್ ಮೇಲಿದ್ದಾಗ ಮಾತು ಅದರೊಳಗಿನ ಬ್ರಿಜ್‌ನಲ್ಲೇ ಮುಗಿಯುತ್ತಿತ್ತು, ಸ್ವಿಚ್‌ವರೆಗೆ ಬರುವ ಅಗತ್ಯವೇ ಇರಲಿಲ್ಲ.

ಖಚಿತ ಮಾಡಿಕೊಳ್ಳಲು ಮೂರು ವಿಎಂಗಳಲ್ಲೂ, ಎರಡು ಬಗೆಯನ್ನೂ ಒಟ್ಟಿಗೆ ಪರೀಕ್ಷಿಸುವ ಓಂಪಿಂಗ್ ಓಡಿಸಿದೆವು, 600 ಸಲ, ಸೆಕೆಂಡಿಗೊಂದು. ಯೂನಿಕಾಸ್ಟ್ ಸಾಲು ಕೊನೆತನಕ ಬಂತು. ಮಲ್ಟಿಕಾಸ್ಟ್ ಸಾಲು 260ರ ಆಸುಪಾಸಿನಲ್ಲಿ ನಿಂತಿತು. ಸ್ವಿಚ್‌ನಲ್ಲಿ ಕ್ವೆರಿಯರ್ ಆನ್ ಮಾಡಿ ಮತ್ತೆ ಓಡಿಸಿದೆವು. 600ಕ್ಕೆ 600.

ಭಾನುವಾರ ಎರಡು ನಿಮಿಷದ ಬದಲು ಐದು ನಿಮಿಷ ನಿಂತಿದ್ದರೆ ಅಂದೇ ಗೊತ್ತಾಗುತ್ತಿತ್ತು.

17 ಜೂನ್, ಶನಿವಾರ

ರಾತ್ರಿ ನಿಜವಾದ ವಿಎಂಗಳನ್ನು ಮತ್ತೆ ಬೇರೆ ಬೇರೆ ಮಾಡಿದೆ. ಒಂದು ಗಂಟೆ ಕಾದೆ, ಗಟ್ಟಿಯಾಗಿ ನಿಂತಿದ್ದವು. ಆದರೂ ಯಾವುದಕ್ಕಾಗಿ ಬೇರೆ ಮಾಡಿದೆವೋ ಅದನ್ನೇ ಪರೀಕ್ಷಿಸದೆ ಹೋಗಬಾರದೆಂದು, ಡೇಟಾಬೇಸ್ ಇದ್ದ ಹೋಸ್ಟಿನ ಎರಡೂ ಪವರ್ ಕೇಬಲ್ ಕಿತ್ತೆ.

ಸೇವೆ ಮೇಲೇಳಲಿಲ್ಲ. ಉಳಿದೆರಡರ ಬಳಿ ಕೋರಮ್ ಇತ್ತು. ಆದರೆ ಕಾಣೆಯಾದ ವಿಎಂ ಖಂಡಿತ ಆಫ್ ಆಗಿದೆ ಎಂದು ಖಾತ್ರಿಯಾಗುವ ತನಕ ಕ್ಲಸ್ಟರ್ ಡೇಟಾಬೇಸನ್ನು ಬೇರೆ ಕಡೆ ಎಬ್ಬಿಸುವುದಿಲ್ಲ. ಹಾಗೆ ಅದನ್ನು ಆಫ್ ಮಾಡಿ ಖಾತ್ರಿ ಮಾಡಿಕೊಳ್ಳುವುದಕ್ಕೇ ಫೆನ್ಸಿಂಗ್ ಎನ್ನುವುದು. ನಮ್ಮ ಫೆನ್ಸಿಂಗ್ ಆ ವಿಎಂನ ಹೋಸ್ಟ್‌ಗೇ ಲಾಗಿನ್ ಆಗಿ ಆಫ್ ಮಾಡಿಸುವಂಥದ್ದು. ಹೋಸ್ಟೇ ಸತ್ತಿದ್ದರೆ ಬಾಗಿಲು ತೆಗೆಯುವವರು ಯಾರು? ಎರಡು ಉಳಿದ ವಿಎಂಗಳೂ ಸತ್ತ ಮನೆಯ ಬಾಗಿಲು ತಟ್ಟುತ್ತಾ ನಿಂತಿದ್ದವು. ಎಲ್ಲವೂ ಒಂದೇ ಹೋಸ್ಟ್ ಮೇಲಿದ್ದ ಎರಡು ತಿಂಗಳಲ್ಲಿ ಈ ಕೊರತೆ ಕಾಣುವ ಸಾಧ್ಯತೆಯೇ ಇರಲಿಲ್ಲ.

ಆಫ್ ಆಗಿರುವುದನ್ನು ಕಣ್ಣಾರೆ ನೋಡಿ, ಕೈಯಾರೆ ಖಾತ್ರಿ ಕೊಟ್ಟು, ಸೇವೆ ಎಬ್ಬಿಸಿದೆ. ಬೆಳಗಿನ ಹಾಲಿಗೆ ತೊಂದರೆಯಾಗಲಿಲ್ಲ.

24 ಜೂನ್, ಶನಿವಾರ

ನೆಟ್‌ವರ್ಕ್ ಮೂಲಕ ಆಫ್ ಮಾಡಬಹುದಾದ ಪಿಡಿಯು (ಸರ್ವರ್‌ಗಳಿಗೆ ಕರೆಂಟ್ ಹಂಚುವ ಪಟ್ಟಿ) ಬಂತು. ಅದನ್ನು ಎರಡನೇ ಹಂತದ ಫೆನ್ಸಿಂಗ್ ಮಾಡಿದೆ. ಹೋಸ್ಟ್ ಉತ್ತರಿಸದಿದ್ದರೆ ಅದಕ್ಕೆ ಹೋಗುವ ಎರಡೂ ಸಾಕೆಟ್‌ಗಳ ಕರೆಂಟನ್ನೇ ಕ್ಲಸ್ಟರ್ ತೆಗೆಯುತ್ತದೆ. ರಾತ್ರಿ 11ಕ್ಕೆ ಸರ್ವರ್ ಹಿಂಬದಿಯ ಎರಡೂ ಕೇಬಲ್ ಕಿತ್ತೆ. ಮೊದಲ ಹಂತ ಸೋತಿತು, ಎರಡನೆಯದು ಗೆದ್ದಿತು, ಒಂದೂವರೆ ನಿಮಿಷದಲ್ಲಿ ಡೇಟಾಬೇಸ್ ಪಕ್ಕದ ಹೋಸ್ಟ್‌ನಲ್ಲಿ ಎದ್ದಿತು. ಉಳಿದೆರಡು ಹೋಸ್ಟ್‌ಗಳಿಗೂ ಇದೇ ಮಾಡಿದೆ.

ನನ್ನ ನಂತರ ಈ ಕೆಲಸಕ್ಕೆ ಬರುವವರಿಗೆ ಬರೆದಿಡುತ್ತಿದ್ದೇನೆ. ಒಂದೇ ಪೆಟ್ಟಿಗೆಯೊಳಗೆ ನಡೆದದ್ದು ಮೂರು ಪೆಟ್ಟಿಗೆಗಳ ನಡುವೆ ನಡೆಯುತ್ತದೆಂದು ನಂಬಬೇಡಿ. ಮಲ್ಟಿಕಾಸ್ಟ್ ಇದ್ದಲ್ಲಿ ಹತ್ತು ನಿಮಿಷಕ್ಕೆ ಕಡಿಮೆಯ ಪರೀಕ್ಷೆಯನ್ನು ಪರೀಕ್ಷೆ ಎನ್ನಬೇಡಿ. ವಿಎಂಗಳನ್ನು ಬೇರೆ ಮಾಡಿದ ದಿನವೇ, ಹಾಲು ಅಳೆಯುವ ಹೊತ್ತಿಗೆ ಮುಂಚೆ, ಒಂದು ಹೋಸ್ಟಿನ ಕೇಬಲ್ ನೀವೇ ಕಿತ್ತು ನೋಡಿ.