ಮನೆಯಲ್ಲಿ 'ಫ್ರೀ' ಇರುವವರು

ಇಂಗ್ಲಿಷ್ ಬಾರದವರ ಬಾಯಲ್ಲೂ ಸಲೀಸಾಗಿ ಓಡಾಡುವ ಪದಗಳಲ್ಲಿ 'ಫ್ರೀ' ಕೂಡಾ ಒಂದು. ನಮ್ಮ ವಿನೋಬನಗರದಲ್ಲಿ ಒಂದು ಸುತ್ತು ಹೋಗಿ ಬಂದರೆ ಸಾಕು, ಅದರ ಹಲವು ಮುಖಗಳು ಕಾಣಸಿಗುತ್ತವೆ. ಸೋಪಿನ ಪುಡಿ ಕೊಂಡರೆ ಬಕೆಟ್ ಫ್ರೀ. ಬಟ್ಟೆ ಅಂಗಡಿಯಲ್ಲಿ ಫ್ರೀ ಸೈಜ್. ವೃತ್ತದಲ್ಲಿ ಫ್ರೀ ಲೆಫ್ಟ್. ಬಿಗಿಯಾಗಿದ್ದ ನಟ್ಟು ಸಡಿಲವಾದರೆ ಗ್ಯಾರೇಜಿನವನ ಪ್ರಕಾರ ಅದು 'ಫ್ರೀ ಆಯ್ತು'. ಇನ್ನು ಶುಗರ್ ಫ್ರೀ ಎಂದರೆ ಸಕ್ಕರೆ ಪುಕ್ಕಟೆ ಎಂದಲ್ಲ, ಸಕ್ಕರೆಯೇ ಇಲ್ಲ ಎಂದರ್ಥ! ಇದನ್ನು ವಿವರಿಸುವಾಗ ತರಗತಿಯಲ್ಲಿ ಮಕ್ಕಳಿಗೆ ನಗುವೋ ನಗು.

ಆದರೂ ಈ ಪದಕ್ಕೆ ಮುಖ್ಯವಾದ ಅರ್ಥಗಳು ಮೂರು. ದುಡ್ಡಿಲ್ಲದೆ ಸಿಗುವುದು, ಬಿಡುವಾಗಿರುವುದು, ಸ್ವತಂತ್ರವಾಗಿರುವುದು. ಉರ್ದುವಿನಲ್ಲಿ ಇವಕ್ಕೆ ಮೂರು ಬೇರೆ ಪದಗಳಿವೆ: ಮುಫ್ತ್, ಫಾರಿಗ್, ಆಜಾದ್. ಫಾರಿಗ್ ಅರಬಿಯಿಂದ ಬಂದದ್ದು. ಮದ್ರಸದಲ್ಲಿ ಓದು ಪೂರೈಸಿದವರನ್ನೂ ಫಾರಿಗ್ ಎನ್ನುತ್ತೇವೆ. ಹಿಡಿದ ಕೆಲಸ ಮುಗಿಸಿದವರು ಎಂಬ ಗೌರವ ಅದರಲ್ಲಿದೆ. ಕನ್ನಡದ 'ಉಚಿತ'ಕ್ಕೂ ಮೂಲದಲ್ಲಿ ತಕ್ಕದ್ದು, ಯೋಗ್ಯವಾದದ್ದು ಎಂಬ ಒಳ್ಳೆಯ ಅರ್ಥವೇ ಇದೆ. 'ಬಿಟ್ಟಿ'ಯ ಕಥೆ ಮಾತ್ರ ಕಹಿ. ಅದು ಸಂಸ್ಕೃತದ 'ವಿಷ್ಟಿ'ಯಿಂದ ಬಂದ ಪದ. ಕೂಲಿ ಕೊಡದೆ ಬಲವಂತವಾಗಿ ಮಾಡಿಸಿಕೊಳ್ಳುವ ದುಡಿಮೆಗೆ ಹಿಂದೆ ಆ ಹೆಸರಿತ್ತು. ಪಡೆದವನಿಗೆ ಬಿಟ್ಟಿ ಸಿಕ್ಕಿದ್ದಕ್ಕೆ ದುಡಿದವನು ತನ್ನ ಬೆವರು ತೆತ್ತಿರುತ್ತಿದ್ದ.

ಇಂದಿಗೂ ಅಷ್ಟೇ. ಫ್ರೀ ಎಂದರೆ ಬೆಲೆಯಿಲ್ಲ ಎಂದಲ್ಲ, ಬೆಲೆಯನ್ನು ಇನ್ನಾರೋ ತೆರುತ್ತಿದ್ದಾರೆ ಎಂದರ್ಥ. 2023ರ ಜೂನ್ 11ರಂದು ನಮ್ಮ ರಾಜ್ಯದಲ್ಲಿ ಮಹಿಳೆಯರಿಗೆ ಸರಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ 'ಶಕ್ತಿ' ಯೋಜನೆ ಆರಂಭವಾಯಿತು. ಕಂಡಕ್ಟರ್ ಕೊಡುವ ಟಿಕೆಟಿನಲ್ಲಿ ಸೊನ್ನೆ ಇದ್ದರೂ ಅದರ ಲೆಕ್ಕ ಇಟ್ಟು ಸಾರಿಗೆ ನಿಗಮಗಳಿಗೆ ಹಣ ತುಂಬಿಕೊಡುವ ಹೊಣೆ ಸರಕಾರದ್ದು.

ಹಾಗಾದರೆ ನಮ್ಮ ಮನೆಗಳಲ್ಲಿ ಫ್ರೀಯಾಗಿ ಸಿಗುವ ದುಡಿಮೆಯ ಲೆಕ್ಕ ಇಡುವವರು ಯಾರು? 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಮಹಿಳೆಯರು ದಿನಕ್ಕೆ ಸರಾಸರಿ 289 ನಿಮಿಷಗಳನ್ನು ಅದಕ್ಕೆ ಕೊಡುತ್ತಾರೆ. ಮನೆಗೆಲಸಕ್ಕೆ ಕೈಹಚ್ಚುವ ಪುರುಷರು ಕೊಡುವುದು 88 ನಿಮಿಷ. ಆದರೂ 'ನೀನು ಮನೇಲಿ ಫ್ರೀ ತಾನೇ?' ಎಂಬ ಪ್ರಶ್ನೆ ಯಾರಿಗೆ ಬೀಳುತ್ತದೆ ಎಂಬುದನ್ನು ನಾನು ಹೇಳಬೇಕಾಗಿಲ್ಲ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ದರ್ಜೆಯಲ್ಲಿ ಪಾಸಾದಳು. ಪರೀಕ್ಷೆ ಮುಗಿಯಿತು, ಈಗ ಫ್ರೀ ಇದ್ದಾಳಲ್ಲ ಎಂದು ಅವಳನ್ನು ಖಾಲಾನ ಬಾಣಂತನಕ್ಕೆ ಭದ್ರಾವತಿಗೆ ಕಳಿಸಿದರು. ಮರಳಿ ಬರುವಷ್ಟರಲ್ಲಿ ಪಿಯುಸಿ ಪ್ರವೇಶ ಮುಗಿದಿತ್ತು. ಮರುವರ್ಷ ದಾದಿ ಬಿದ್ದು ಹಾಸಿಗೆ ಹಿಡಿದರು. ಆಗಲೂ ಫ್ರೀ ಇದ್ದವಳು ಇವಳೇ. ನಾನು ತಾಯಿಯನ್ನು ಕೇಳಿದೆ. "ಏನ್ ಮಾಡೋದು ಆಪಾ, ಮನೇಲಿ ಬೇರೆ ಯಾರೂ ಫ್ರೀ ಇಲ್ಲವಲ್ಲ" ಎಂದರು. ಪಕ್ಕದ ಕೋಣೆಯಲ್ಲಿ ಅಣ್ಣ ಮೊಬೈಲ್ ಹಿಡಿದು ಮಲಗಿದ್ದ. ಅವನು ಫ್ರೀ ಅಲ್ಲವಂತೆ, ಕೆಲಸ ಹುಡುಕುತ್ತಿದ್ದಾನಂತೆ! ಬಾಗಿಲ ತನಕ ಬಂದ ಹುಡುಗಿ ಮೆಲ್ಲಗೆ ಹೇಳಿದಳು: "ಆಪಾ, ಈ ಎರಡು ವರ್ಷದಲ್ಲಿ ನಾನು ಫ್ರೀ ಇದ್ದ ದಿನ ಒಂದೂ ನೆನಪಿಲ್ಲ."

ಆ ಮಾತು ತಾಯಿಯ ಕಿವಿಗೂ ಬಿದ್ದಿತ್ತು. ಮರುವರ್ಷ ಅವರೇ ಹೋಗಿ ಅರ್ಜಿ ತಂದರು. ಮಧ್ಯಾಹ್ನ ದಾದಿಗೆ ಊಟ, ಮದ್ದು ಕೊಡುವ ಕೆಲಸ ಅಣ್ಣನ ಪಾಲಿಗೆ ಬಂತು. ಮನೆಯೇನೂ ಮುಳುಗಲಿಲ್ಲ.

ಇನ್ನೊಂದು ವಿಚಿತ್ರ ನೋಡಿ. ಹುಡುಗ ನಾಲ್ಕು ಜನರೊಂದಿಗೆ ಫ್ರೀಯಾಗಿ ಮಾತಾಡಿದರೆ ಚುರುಕು ಎನ್ನುತ್ತೇವೆ. ಹುಡುಗಿ 'ಸ್ವಲ್ಪ ಫ್ರೀ' ಎಂದರೆ ಅದು ಚಾಡಿ. ಅವಳ ಸಮಯ ಫ್ರೀ, ದುಡಿಮೆ ಫ್ರೀ, ಅವಳು ಮಾತ್ರ ಫ್ರೀ ಆಗಬಾರದು!

ಈ ಪದದ ಬೇರು ಹುಡುಕಿದರೆ ಒಂದು ಸೋಜಿಗ ಸಿಗುತ್ತದೆ. ಇಂಗ್ಲಿಷಿನ ಫ್ರೀ ಮತ್ತು ನಮ್ಮ 'ಪ್ರಿಯ' ಒಂದೇ ಮೂಲದವು ಎನ್ನುತ್ತಾರೆ ಭಾಷಾ ವಿದ್ವಾಂಸರು. ಹಿಂದಿನ ಕಾಲದ ಮನೆಗಳಲ್ಲಿ ಮನೆಯವರೂ ಇರುತ್ತಿದ್ದರು, ಗುಲಾಮರೂ ಇರುತ್ತಿದ್ದರು. ಪ್ರೀತಿಯ ಬಂಧುಗಳು ಯಾರೋ ಅವರು ಸ್ವತಂತ್ರರು. ಹೀಗೆ 'ಪ್ರಿಯರು' ಎಂಬ ಪದವೇ 'ಸ್ವತಂತ್ರರು' ಎಂದಾಯಿತು ಎಂಬುದು ಅವರ ವಿವರಣೆ.

ಸಹೋದರಿಯರೇ, ಅತ್ತೆಯಾಗಿ, ತಾಯಿಯಾಗಿ, ಅತ್ತಿಗೆಯಾಗಿ ನಾವೂ ಈ ಪದವನ್ನು ದಿನಕ್ಕೆ ಹತ್ತು ಸಲ ಬಳಸುತ್ತೇವೆ. ಇನ್ನು ಮುಂದೆ ಸೊಸೆಯನ್ನೋ ಮಗಳನ್ನೋ ಕರೆಯುವಾಗ 'ನೀನು ಫ್ರೀ ತಾನೇ?' ಎನ್ನುವ ಬದಲು 'ಫ್ರೀ ಇದ್ದೀಯಾ?' ಎಂದು ಕೇಳೋಣ. ಕೇಳಿದ ಮೇಲೆ ಅವಳ ಉತ್ತರಕ್ಕಾಗಿ ಒಂದು ಗಳಿಗೆ ಕಾಯೋಣ. 'ಇಲ್ಲ' ಎಂದರೆ ಮುಖ ಸಿಂಡರಿಸದೆ, ಪಕ್ಕದ ಕೋಣೆಯಲ್ಲಿ ಯಾರಿದ್ದಾರೆಂದು ನೋಡೋಣ.