ಅಟ್ಟದ ಕೋಣೆಯ ಪತ್ರ

ಮನೆಯನ್ನು ಮಾರುವ ಕಾಲಕ್ಕೆ ಅದರ ಗುಟ್ಟುಗಳೆಲ್ಲ ಹೊರಬೀಳುತ್ತವೆ. ಇಂಗ್ಲೆಂಡಿನಲ್ಲಿರುವ ನಮ್ಮ ಮನೆಯನ್ನು ಮಾರಹೊರಟಾಗ, ಕೊಳ್ಳುವವರ ವಕೀಲರು ಅಟ್ಟದ ಮಲಗುವ ಕೋಣೆಗೆ ಕಟ್ಟಡ ನಿಯಮಾವಳಿಯ ಪ್ರಮಾಣಪತ್ರ ಎಲ್ಲಿದೆಯೆಂದು ಕೇಳಿದರು. ಹಿಂದಿನ ಮಾಲೀಕರು ಅಟ್ಟವನ್ನು ಕೋಣೆಯಾಗಿಸಿದ್ದರು. ಪತ್ರವನ್ನು ಮಾತ್ರ ಪಡೆದಿರಲಿಲ್ಲ.

ಆ ದೇಶದಲ್ಲಿ ಯೋಜನಾ ಅನುಮತಿ ಬೇರೆ, ನಿಯಮಾವಳಿಯ ಅನುಮೋದನೆ ಬೇರೆ. ಅನೇಕ ಅಟ್ಟದ ಕೋಣೆಗಳಿಗೆ ಮೊದಲನೆಯದು ಬೇಕಾಗದು. ಎರಡನೆಯದು ಬೇಕೇ ಬೇಕು. ನೆಲದ ತೊಲೆಗಳು ಭಾರ ತಾಳುವವೇ, ಬೆಂಕಿ ಬಿದ್ದರೆ ಮೆಟ್ಟಿಲಿನ ಹಾದಿ ಸುರಕ್ಷಿತವಾಗಿರುವುದೇ, ಹೊಗೆಯ ಎಚ್ಚರಿಕೆ ಗಂಟೆ ಇದೆಯೇ ಎಂಬುದನ್ನು ಅದು ಪರಿಶೀಲಿಸುತ್ತದೆ.

ನಮ್ಮೆದುರು ಎರಡು ದಾರಿಗಳಿದ್ದವು. ಮೊದಲನೆಯದು ನಷ್ಟಭರ್ತಿ ವಿಮೆ. ಅಗ್ಗ, ಶೀಘ್ರ; ಆದರೆ ಸ್ಥಳೀಯ ಆಡಳಿತವು ಕ್ರಮ ಜರುಗಿಸಿದರೆ ಆಗುವ ನಷ್ಟವನ್ನು ಅದು ತುಂಬಿಕೊಡುವುದೇ ಹೊರತು ದುರ್ಬಲ ತೊಲೆಯನ್ನು ಗಟ್ಟಿಗೊಳಿಸದು. ಮೊದಲೇ ಆಡಳಿತವನ್ನು ವಿಚಾರಿಸಿದವರಿಗೆ ಆ ವಿಮೆ ಸಾಮಾನ್ಯವಾಗಿ ದೊರೆಯದು. ಎರಡನೆಯದು ಸಕ್ರಮ ಪ್ರಮಾಣಪತ್ರ. 1985ರ ನವೆಂಬರ್ 11ರಿಂದೀಚಿನ ಕೆಲಸಗಳಿಗೆ ಅದನ್ನು ಕೋರಬಹುದು. ಪರಿಶೀಲಕರು ಗಾರೆಯನ್ನು ಒಡೆಸಿ, ಹಲಗೆಗಳನ್ನು ಬಿಚ್ಚಿಸಿ ನೋಡಬಹುದು, ಕೊರತೆಯಿದ್ದರೆ ಸರಿಪಡಿಸಲೇಬೇಕು.

ಮನೆಯಲ್ಲಿ ಹಿರಿಯರೂ ಕಿರಿಯರೂ ಕುಳಿತು ಚರ್ಚಿಸಿದೆವು. ಶರಣರು ನಡೆ ನುಡಿಗಳು ಒಂದಾಗಿರಬೇಕೆಂದರು. ವ್ಯವಹಾರಕ್ಕೆ ಅದರಿಂದ ವಿನಾಯಿತಿಯಿಲ್ಲ. ನಾಳೆ ಆ ಅಟ್ಟದಲ್ಲಿ ಮಲಗುವ ಮಗು ಅನ್ಯರದಾದರೂ ಮಗುವೇ. ಎರಡನೆಯ ದಾರಿಯನ್ನೇ ಹಿಡಿದೆವು. ಬಾಗಿಲುಗಳನ್ನು ತೆಗೆದು ಬೆಂಕಿ ತಡೆಯುವಂಥವನ್ನು ಹಾಕಿಸಬೇಕಾಯಿತು. ಹಣ ಖರ್ಚಾಯಿತು, ಮಾರಾಟ ತಡವಾಯಿತು; ಕೊಳ್ಳುವವರು ಮಾತ್ರ ಕಾದರು.

ಪರದೇಶದಲ್ಲಿ ಮನೆ ಕೊಳ್ಳುವ ಬಂಧುಗಳು ಕೋಣೆಗಳನ್ನು ಎಣಿಸುವ ಮುನ್ನ ಅವುಗಳ ಪತ್ರಗಳನ್ನು ಕೇಳಿ ನೋಡಲಿ. ಗೋಡೆಯೊಳಗೆ ಮುಚ್ಚಿಟ್ಟುದನ್ನು ಬಣ್ಣ ಬಳಿದು ಸರಿಪಡಿಸಲಾಗದು.